ತಿರುಗುವ ಮೈ, ತಿರುಗುವ ಕಲ್ಲು

ತುರ್ಕಿಯ ಮೆವ್ಲೆವಿ ಸೂಫಿಗಳು ತಿರುಗುವುದನ್ನು ಕಲಿಸಲು ಒಂದು ಮರದ ಹಲಗೆ ಇಟ್ಟುಕೊಂಡಿರುತ್ತಾರೆ. ಹಲಗೆಯ ನಡುವೆ ಒಂದು ಮೊಳೆ. ಕಲಿಯುವವನು ಎಡಗಾಲಿನ ಹೆಬ್ಬೆರಳಿಗೂ ಪಕ್ಕದ ಬೆರಳಿಗೂ ನಡುವೆ ಆ ಮೊಳೆ ಸಿಕ್ಕಿಸಿಕೊಂಡು ನಿಲ್ಲುತ್ತಾನೆ. ಅಂಗಾಲು ಸಲೀಸಾಗಿ ಜಾರಲೆಂದು ಹಲಗೆಯ ಮೇಲೆ ಉಪ್ಪು ಉದುರಿಸಿರುತ್ತಾರೆ. ಬಲಗಾಲಿನಿಂದ ಮೀಟಿ, ಎಡಗಾಲಿನ ಮೇಲೆಯೇ ಒಂದು ಪೂರ್ತಿ ಸುತ್ತು. ಮತ್ತೆ ಮೀಟು, ಮತ್ತೆ ಸುತ್ತು. ಚರ್ಮ ಉರಿದರೂ ಮೊಳೆ ಬಿಡುವಂತಿಲ್ಲ. ಅವರ ಮಾತಿನಲ್ಲಿ ಎಡಗಾಲು ಕಂಬ, ಬಲಗಾಲು ಚಕ್ರ.

ಈ ಹಲಗೆಯ ಸಂಗತಿ ಓದಿದಾಗ ನನಗೆ ಯಾರೂ ಬಿಡಿಸಿ ಹೇಳಬೇಕಾಗಲಿಲ್ಲ. ನಾನು ಟರ್ನರ್. ಹರಿಹರದಲ್ಲಿ 1941ರಲ್ಲಿ ಶುರುವಾಗಿ ದೇಶಕ್ಕೆಲ್ಲ ಲೇತ್ ಮಾಡಿ ಕಳಿಸಿದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯಲ್ಲಿ, ಲೇತ್ ಮುಂದೆ ನಿಂತೇ ಹರೆಯ ಕಳೆದವನು. ಚಕ್‌ಗೆ ಕಬ್ಬಿಣ ಕಚ್ಚಿಸಿದ ಮೇಲೆ ಮೊದಲ ಕೆಲಸ ಅದನ್ನು ಸೆಂಟರಿಗೆ ತರುವುದು. ಕೂದಲೆಳೆಯಷ್ಟು ಸೆಂಟರ್ ತಪ್ಪಿದರೂ ವೇಗ ಏರಿದ ಹಾಗೆ ಜಾಬ್ ಅದುರುತ್ತದೆ. ಸೆಂಟರಿಗೆ ಬಂದದ್ದು ಎಷ್ಟು ಜೋರಾಗಿ ತಿರುಗಿದರೂ ನಿಂತ ಹಾಗೇ ಕಾಣುತ್ತದೆ. ಈ ಸೂಫಿಗಳ ನೆಲೆಯಾದ ಕೊನ್ಯಾ ಊರಿನ ದರ್ವೇಶರ ವಿಡಿಯೊ ಹಾಕಿದರೆ ಮನೆಯವರೆಲ್ಲ ಅರಳುವ ಬಿಳಿ ಲಂಗ ನೋಡುತ್ತಾರೆ. ನಾನು ಎಡಪಾದ ನೋಡುತ್ತೇನೆ.

ನಮ್ಮದು ಹರಿಹರ ತಾಲ್ಲೂಕಿನ ಸಾರಥಿ. ಒಳಗೆ ದಖ್ಖನಿ ಉರ್ದು, ಹೊಸ್ತಿಲು ದಾಟಿದರೆ ಕನ್ನಡ. ಈಚೆಗೆ ದಾವಣಗೆರೆಯಲ್ಲೊಂದು ಆರತಕ್ಷತೆಗೆ ಹೋಗಿದ್ದಾಗ, ಬಣ್ಣದ ದೀಪ ಹೊಲಿದ ಲಂಗ ತೊಟ್ಟವನೊಬ್ಬ ವೇದಿಕೆಯ ಮೇಲೆ ಗಿರಗಿರನೆ ತಿರುಗಿದ. ಅದು ಈಜಿಪ್ಟಿನ ತನೂರಾ ಕುಣಿತದ ಜಾತಿಯದು, ಕಷ್ಟದ ವಿದ್ಯೆಯೇ. ನನ್ನ ಜೊತೆ ಒಂದೇ ಶಿಫ್ಟಿನಲ್ಲಿ ದುಡಿದ ಗೆಳೆಯರೊಬ್ಬರು ಪಕ್ಕದಲ್ಲಿ ಕೂತಿದ್ದರು, ಕೇಳಿದರು: "ಸಾಬ್ರೇ, ಇದು ನಿಮ್ಮಲ್ಲಿ ಪೂಜೆನೋ, ಕುಣಿತಾನೋ?" ಊಟದ ಗದ್ದಲದಲ್ಲಿ ಉತ್ತರ ಹೇಳುವ ಮಾತಲ್ಲ ಅದು. ಅವರಂತೆ ಕೇಳುವವರು ಇನ್ನೂ ಇರಬಹುದೆಂದು ಇಲ್ಲಿ ಬರೆಯುತ್ತಿದ್ದೇನೆ.

ಮೆವ್ಲೆವಿಗಳ ಮೂಲಗುರು ಜಲಾಲುದ್ದೀನ್ ರೂಮಿ ಹುಟ್ಟಿದ್ದು 1207ರಲ್ಲಿ, ಬಲ್ಖ್ ಸೀಮೆಯಲ್ಲಿ. ಹೊಯ್ಸಳ ನರಸಿಂಹನ ದಂಡನಾಯಕ ಪೋಲಾಳ್ವ ನಮ್ಮ ಹರಿಹರದಲ್ಲಿ ಹರಿಹರೇಶ್ವರನ ಗುಡಿ ಕಟ್ಟಿಸಿದ 1224ರಲ್ಲಿ ಆ ಹುಡುಗನಿಗೆ ಹದಿನೇಳು ವರ್ಷ. ತಂದೆಯ ಜೊತೆ ಊರು ಬಿಟ್ಟು, ದೇಶ ದೇಶ ದಾಟಿ, ಈಗಿನ ತುರ್ಕಿಯ ನೆಲ ಮುಟ್ಟಿದ್ದ. (ಗುಡಿಯ ಮಂಟಪದ ಕಂಬಗಳನ್ನು ಬಳಪದ ಕಲ್ಲಿನಲ್ಲಿ ತಿರುಗಿಸಿ ಕಡೆದಿದ್ದಾರೆ. ಆ ಉಂಗುರಗಳ ನುಣುಪಿನ ಮೇಲೆ ಈಗಲೂ ನನ್ನ ಬೆರಳು ಒಂದು ಗಳಿಗೆ ನಿಲ್ಲುತ್ತದೆ.) ಮುಂದೆ ರೂಮಿ ಕೊನ್ಯಾದಲ್ಲಿ ತಂದೆಯ ಪೀಠದಲ್ಲಿ ಕೂತು ಪಾಠ ಹೇಳುವ ದೊಡ್ಡ ವಿದ್ವಾಂಸರಾದರು. 1244ರಲ್ಲಿ ಶಮ್ಸ್ ಎಂಬ ತಬ್ರೀಜ್ ಊರಿನ ಅಲೆಮಾರಿ ಸಂತ ಎದುರಾದ ಮೇಲೆ ಪುಸ್ತಕ ಹಿಂದೆ ಸರಿಯಿತು, ಸಂಗೀತ ಮುಂದೆ ಬಂತು. ಕೆಲವೇ ವರ್ಷಗಳಲ್ಲಿ ಶಮ್ಸ್ ಕಣ್ಮರೆಯಾದ. ಆ ಅಗಲಿಕೆಯ ಸಂಕಟದಿಂದ ಸಾವಿರಾರು ಪಾರಸಿ ದ್ವಿಪದಿಗಳು ಬಂದವು.

ರೂಮಿಯ ಬಗ್ಗೆ ಪರಂಪರೆ ಹೇಳುವ ಕತೆಗಳಲ್ಲಿ ನನಗೆ ಬಹಳ ಹತ್ತಿರವಾದದ್ದು ಅಕ್ಕಸಾಲಿಗನ ಕತೆ. ಕೊನ್ಯಾದ ಚಿನಿವಾರ ಪೇಟೆಯಲ್ಲಿ ಹೋಗುವಾಗ ಸಲಾಹುದ್ದೀನ್ ಎಂಬ ಅಕ್ಕಸಾಲಿಗನ ಅಂಗಡಿಯಿಂದ ಚಿನ್ನದ ತಗಡು ಬಡಿಯುವ ಸದ್ದು ಬರುತ್ತಿತ್ತು. ಆ ಲಯಕ್ಕೆ ರೂಮಿ ಬೀದಿಯಲ್ಲೇ ತಿರುಗತೊಡಗಿದರು. ಸಲಾಹುದ್ದೀನ್ ಆಳುಗಳಿಗೆ ಬಡಿತ ನಿಲ್ಲಿಸಬೇಡಿ, ಚಿನ್ನ ಹಾಳಾದರೆ ಆಗಲಿ ಅಂದನಂತೆ. ಆತ ಹೆಚ್ಚು ಓದಿದವನಲ್ಲ. ಶಮ್ಸ್ ಹೋದ ಮೇಲೆ ರೂಮಿ ಆತ್ಮಸಂಗಾತಿಯಾಗಿ ಆರಿಸಿಕೊಂಡದ್ದು ಅವನನ್ನೇ. ಮಗ ಸುಲ್ತಾನ್ ವಲದ್‌ಗೆ ತಂದುಕೊಂಡದ್ದೂ ಅವನ ಮಗಳನ್ನೇ. ಧ್ಯಾನಕ್ಕೆ ಕಾರ್ಖಾನೆಯ ಸದ್ದು ಅಡ್ಡಿ ಎನ್ನುವವರಿಗೆ ನಾನು ಯಾವಾಗಲೂ ಈ ಕತೆ ಹೇಳುತ್ತೇನೆ.

1273ರ ಡಿಸೆಂಬರ್ 17ರಂದು ರೂಮಿ ತೀರಿಕೊಂಡರು. ಅನುಯಾಯಿಗಳನ್ನು ಮೆವ್ಲೆವಿ ಪಂಥವಾಗಿ ಕಟ್ಟಿದವರು ಸುಲ್ತಾನ್ ವಲದ್. ಮನ ಬಂದಾಗ ಎದ್ದು ತಿರುಗುತ್ತಿದ್ದದ್ದು ಮುಂದಿನ ತಲೆಮಾರುಗಳಲ್ಲಿ ಕಟ್ಟುನಿಟ್ಟಿನ ವಿಧಿಯಾಯಿತು. ಅದಕ್ಕೆ 'ಸೆಮಾ' ಎನ್ನುತ್ತಾರೆ, ತಿರುಗುವವನು 'ಸೆಮಾಜೆನ್'. ತಲೆಯ ಮೇಲೆ ಉಣ್ಣೆಯ ಕಂದು ಬಣ್ಣದ ಎತ್ತರದ ಟೋಪಿ, ಅದು ಗೋರಿಕಲ್ಲು. ಮೇಲೆ ಹೊದ್ದ ಕಪ್ಪು ನಿಲುವಂಗಿ ಗೋರಿ. ಒಳಗಿನ ಬಿಳಿಯ ಘೇರು ಅಂಗಿ ಕಫನ್, ಅಂದರೆ ಹೆಣಕ್ಕೆ ಹೊದಿಸುವ ಬಟ್ಟೆ. ಹೀಗೆ ತನ್ನ ಸಾವನ್ನು ತಾನೇ ಉಟ್ಟು ಒಳಗೆ ಬರುತ್ತಾನೆ.

ಮೊದಲು ಪ್ರವಾದಿಯವರ ಸ್ತುತಿ. ಆಮೇಲೆ ಜೋಡಿ ನಗಾರಿಯ ಒಂದು ಪೆಟ್ಟು, 'ನೇಯ್' ಎಂಬ ಲಾಳದ ಕೊಳಲಿನ ಉದ್ದನೆಯ ಆಲಾಪ. ಎಲ್ಲರೂ ಸಾಲಾಗಿ ಮೂರು ಸುತ್ತು ನಿಧಾನ ನಡೆಯುತ್ತಾರೆ. ಗುರುವಿನ ಕೆಂಪು ಕುರಿಚರ್ಮದ ಹಾಸಿನ ಬಳಿ ಒಬ್ಬರಿಗೊಬ್ಬರು ಮುಖ ಮಾಡಿ ಬಾಗುತ್ತಾರೆ. ನಂತರ ಕಪ್ಪು ನಿಲುವಂಗಿ ಕಳಚಿ, ತೋಳುಗಳನ್ನು ಎದೆಯ ಮೇಲೆ ಕತ್ತರಿ ಹಾಕಿ ನಿಲ್ಲುತ್ತಾರೆ. ಗುರುವಿನ ಅಪ್ಪಣೆ ಪಡೆದು ಒಬ್ಬೊಬ್ಬರಾಗಿ ಎಡಕ್ಕೆ, ಅಂದರೆ ಹೃದಯದ ಕಡೆಗೆ, ತಿರುಗಲು ಶುರು ಮಾಡುತ್ತಾರೆ. ತೋಳುಗಳು ತಾವಾಗಿ ಬಿಚ್ಚಿಕೊಳ್ಳುತ್ತವೆ. ಬಲ ಅಂಗೈ ಮೇಲಕ್ಕೆ, ಎಡ ಅಂಗೈ ಕೆಳಕ್ಕೆ: ಮೇಲಿನಿಂದ ಪಡೆದದ್ದನ್ನು ಏನನ್ನೂ ಉಳಿಸಿಕೊಳ್ಳದೆ ನೆಲಕ್ಕೆ ದಾಟಿಸುವ ನಿಲುವು ಅದು. ಪ್ರತಿ ಸುತ್ತಿಗೂ ಒಳಗೇ ಒಮ್ಮೆ ಅಲ್ಲಾಹನ ನಾಮ. ಹೀಗೆ ನಾಲ್ಕು ಸರದಿ. ನಾಲ್ಕನೆಯದರಲ್ಲಿ ಗುರುವೂ ಬಂದು ಮೆಲ್ಲಗೆ ತಿರುಗುತ್ತಾರೆ.

ತಲೆ ಸುತ್ತುವುದಿಲ್ಲವೇ? ಎಲ್ಲರೂ ಕೇಳುವ ಪ್ರಶ್ನೆ. ನಮ್ಮ ಒಳಕಿವಿಯಲ್ಲಿ ಅರ್ಧ ಬಳೆಯಂಥ ಮೂರು ನಳಿಕೆಗಳಿವೆ, ಅವುಗಳಲ್ಲಿ ದ್ರವ ತುಂಬಿದೆ. ತಲೆ ತಿರುಗಿದಾಗ ದ್ರವ ಹಿಂದುಳಿಯುತ್ತದೆ, ಅಲ್ಲಿರುವ ಸೂಕ್ಷ್ಮ ರೋಮಗಳು ಬಾಗುತ್ತವೆ, ತಿರುಗುತ್ತಿದ್ದೇವೆ ಎಂದು ಮಿದುಳಿಗೆ ಸುದ್ದಿ ಹೋಗುತ್ತದೆ. ಒಂದೇ ವೇಗದಲ್ಲಿ ತಿರುಗುತ್ತಲೇ ಇದ್ದರೆ ಅರ್ಧ ನಿಮಿಷದೊಳಗೆ ದ್ರವವೂ ತಲೆಯ ವೇಗಕ್ಕೆ ಬಂದುಬಿಡುತ್ತದೆ, ರೋಮ ನೆಟ್ಟಗಾಗುತ್ತದೆ. ಹಾಗಾಗಿ ಕಷ್ಟವಿರುವುದು ಶುರುವಿನಲ್ಲಿ, ಅದಕ್ಕಿಂತ ಹೆಚ್ಚಾಗಿ ನಿಲ್ಲಿಸುವಾಗ. ಮೈ ನಿಂತರೂ ದ್ರವ ಓಡುತ್ತಿರುತ್ತದೆ, ಲೋಕ ಸುತ್ತುತ್ತದೆ. ಬ್ಯಾಲೆ ಕುಣಿಯುವವರು ಪ್ರತಿ ಸುತ್ತಿಗೂ ತಲೆಯನ್ನು ಥಟ್ಟನೆ ಒಂದೇ ಗುರಿಯತ್ತ ಹೊರಳಿಸಿ ಇದನ್ನು ತಡೆಯುತ್ತಾರೆ. ಸೆಮಾಜೆನ್ ಹಾಗೆ ಮಾಡುವುದಿಲ್ಲ. ತಲೆಯನ್ನು ಕೊಂಚ ಬಲಕ್ಕೆ ವಾಲಿಸಿ, ಅರೆತೆರೆದ ಕಣ್ಣನ್ನು ಎಡಗೈ ಹೆಬ್ಬೆರಳಿನತ್ತ ಬಿಟ್ಟಿರುತ್ತಾನೆ. ಅದೊಂದು ಅವನ ಜೊತೆಗೇ ತಿರುಗುತ್ತದೆ, ಹಾಗಾಗಿ ಅಲುಗುವುದಿಲ್ಲ. ಉಳಿದ ಲೋಕವೆಲ್ಲ ಕಲಸಿಹೋಗುತ್ತದೆ. ಮಿಕ್ಕದ್ದು ವರ್ಷಗಟ್ಟಲೆ ಅಭ್ಯಾಸದಿಂದ ಮಿದುಳು ಕಲಿತುಕೊಳ್ಳುವ ಪಾಠ.

ಪ್ರತಿ ಸರದಿಯ ಕೊನೆಗೆ ಸಂಗೀತ ನಿಂತ ಕೂಡಲೇ ಅವರೂ ನಿಲ್ಲುತ್ತಾರೆ. ಓಲಾಡುವುದಿಲ್ಲ. ತೋಳು ಮತ್ತೆ ಎದೆಯ ಮೇಲೆ. ಇಬ್ಬರು ಮೂವರು ಸೇರಿ ಭುಜಕ್ಕೆ ಭುಜ ಆನಿಸಿ ನಿಲ್ಲುತ್ತಾರೆ. ಇಡೀ ಸೆಮಾದಲ್ಲಿ ನನಗೆ ಅತ್ಯಂತ ಸುಂದರವಾಗಿ ಕಂಡದ್ದು ಈ ನಿಲುಗಡೆ. ಪರವಶತೆ ಎಂದು ನಾವು ಸುಲಭವಾಗಿ ಹೆಸರಿಡುವ ಸ್ಥಿತಿಯಲ್ಲಿ ಇಷ್ಟು ಹತೋಟಿ ಇರುತ್ತದೆ.

ಈ ಹತೋಟಿ ಬರುತ್ತಿದ್ದದ್ದು ಅಡುಗೆಮನೆಯಿಂದ. ಹಳೆಯ ಮೆವ್ಲೆವಿ ಮಠಗಳಲ್ಲಿ ಸೇರಲು ಬಂದವನನ್ನು ಮೂರು ದಿನ ಅಡುಗೆಮನೆಯ ಬಾಗಿಲ ಬಳಿ ಒಂದು ಕುರಿಚರ್ಮದ ಮೇಲೆ ಸುಮ್ಮನೆ ಕೂರಿಸುತ್ತಿದ್ದರು, ಇಲ್ಲಿನ ದುಡಿಮೆ ನೋಡಿ ಆಮೇಲೆ ತೀರ್ಮಾನಿಸು ಎಂದು. ಉಳಿಯುತ್ತೇನೆ ಎಂದವನಿಗೆ 1001 ದಿನಗಳ ಸೇವೆ: ನೀರು ಹೊರುವುದು, ಪಾತ್ರೆ ತೊಳೆಯುವುದು, ಕಸ ಹೊಡೆಯುವುದು, ಸಂತೆಗೆ ಹೋಗುವುದು. ಮೊಳೆ ಹೊಡೆದ ಹಲಗೆ ಇರುತ್ತಿದ್ದದ್ದೂ ಅಡುಗೆಮನೆಯಲ್ಲೇ. ಒಂದು ಕಡೆ ಅನ್ನ ಬೇಯುತ್ತಿತ್ತು, ಇನ್ನೊಂದು ಕಡೆ ಹೊಸಬ ತಿರುಗುತ್ತಿದ್ದ. 1925ರಲ್ಲಿ ತುರ್ಕಿ ಗಣರಾಜ್ಯ ಎಲ್ಲ ಸೂಫಿ ಮಠಗಳನ್ನು ಕಾನೂನಿನಿಂದ ಮುಚ್ಚಿಸಿದಾಗ ಈ ಅಡುಗೆಮನೆಗಳು ಆರಿಹೋದವು. ಕೊನ್ಯಾದ ಮಠ ಎರಡೇ ವರ್ಷದಲ್ಲಿ ವಸ್ತುಸಂಗ್ರಹಾಲಯವಾಯಿತು. 1950ರ ದಶಕದಲ್ಲಿ ಸಾಂಸ್ಕೃತಿಕ ಪ್ರದರ್ಶನವೆಂಬ ಹೆಸರಿನಲ್ಲಿ ಸೆಮಾ ಮತ್ತೆ ಜನರ ಮುಂದೆ ಬಂತು. 2008ರಲ್ಲಿ ಯುನೆಸ್ಕೊ ಪಟ್ಟಿಗೂ ಸೇರಿತು. ಈಗ ಪ್ರತಿ ಡಿಸೆಂಬರ್‌ನಲ್ಲಿ ಕೊನ್ಯಾಕ್ಕೆ ಲೋಕವೇ ಬರುತ್ತದೆ. ಬರಲಿ, ಸಂತೋಷ. ಆದರೆ ಅಡುಗೆಮನೆ ಕಳಚಿಕೊಂಡ ಸೆಮಾದಲ್ಲಿ ಅರ್ಧ ಮಾತ್ರ ಕಾಣುತ್ತದೆ ಎಂದು ನನಗೆ ಅನಿಸುತ್ತದೆ.

ಗೆಳೆಯರ ಪ್ರಶ್ನೆಗೆ ಉತ್ತರ ಸಿಗುವುದು ಆ ಉಳಿದರ್ಧದಲ್ಲಿ. ಅದಕ್ಕಾಗಿ ನಾನು ಕೊನ್ಯಾಕ್ಕೆ ಹೋಗಬೇಕಿಲ್ಲ, ವಿಜಯಪುರದವರೆಗೆ ಹೋದರೆ ಸಾಕು.

ಕರ್ನಾಟಕಕ್ಕೆ ಬಂದ ಸೂಫಿಗಳಲ್ಲಿ ಮೆವ್ಲೆವಿಗಳಿಲ್ಲ. ನಮ್ಮಲ್ಲಿ ಬೇರೂರಿದವರಲ್ಲಿ ಚಿಶ್ತಿಗಳು ಮುಖ್ಯರು. ಅವರಲ್ಲೂ ದೇವರ ನೆನಪಿಗಾಗಿ ಹಾಡು ಕೇಳುವ ಕೂಟವುಂಟು. 1400ರ ಸುಮಾರಿಗೆ ದಿಲ್ಲಿ ಕಡೆಯಿಂದ ಕಲಬುರಗಿಗೆ ಬಂದು 1422ರಲ್ಲಿ ಅಲ್ಲೇ ಮಣ್ಣಾದ ಖ್ವಾಜಾ ಬಂದೇ ನವಾಜರು ಅದನ್ನು ಎತ್ತಿಹಿಡಿದವರು. ಚಿಶ್ತಿ ಕೂಟದಲ್ಲಿ ಯಾರಿಗೂ ತಿರುಗುವ ತಾಲೀಮಿಲ್ಲ. ಕೇಳುತ್ತಾ ಕೇಳುತ್ತಾ ಯಾರಿಗಾದರೂ ಆವೇಶ ಬಂದು ಎದ್ದರೆ ಸಭೆಯೂ ಗೌರವದಿಂದ ಎದ್ದು ನಿಲ್ಲುತ್ತದೆ. ಬೇಕೆಂದು ಎದ್ದು ಕುಣಿಯುವುದನ್ನು ಹಿರಿಯರು ಒಪ್ಪುವುದಿಲ್ಲ.

ಆದರೆ ಇದೇ ಚಿಶ್ತಿಗಳ ಇನ್ನೊಂದು ಕೊಡುಗೆಯಲ್ಲಿ ತಿರುಗುವಿಕೆ ಇದೆ. ವಿಜಯಪುರದ ಹೊರಗೆ ಶಾಪುರ ದಿಬ್ಬದ ಮೇಲೆ ಒಂದು ಚಿಶ್ತಿ ಮನೆತನ ನೆಲೆಸಿತ್ತು. ಮೀರಾಂಜಿ ಶಮ್ಸುಲ್ ಉಶ್ಶಾಕ್, ಬುರ್ಹಾನುದ್ದೀನ್ ಜಾನಂ, 1675ರಲ್ಲಿ ತೀರಿಕೊಂಡ ಅಮೀನುದ್ದೀನ್ ಆಲಾ. ಪಂಡಿತರು ಪಾರಸಿಯಲ್ಲಿ ಬರೆಯುತ್ತಿದ್ದ ಕಾಲದಲ್ಲಿ ಇವರು ಜನರ ದಖ್ಖನಿಯಲ್ಲಿ ಬರೆದರು. ಇವರ ಮತ್ತು ಇವರ ಶಿಷ್ಯರ ಬಳಗದಿಂದ 'ಚಕ್ಕಿನಾಮಾ' ಎಂಬ ಹಾಡುಗಳು ಬಂದವು. ಚಕ್ಕಿ ಎಂದರೆ ಬೀಸುವ ಕಲ್ಲು. ಜೋಳ ಬೀಸುತ್ತಾ ಹೆಂಗಸರು ಹಾಡಲೆಂದೇ ಕಟ್ಟಿದವು. ಅಮೆರಿಕದ ಇತಿಹಾಸಕಾರ ರಿಚರ್ಡ್ ಈಟನ್ 1978ರಲ್ಲಿ ಬಿಜಾಪುರದ ಸೂಫಿಗಳ ಬಗ್ಗೆ ಬರೆದ ಪುಸ್ತಕದಲ್ಲಿ ಇವುಗಳಿಗೆ ದೊಡ್ಡ ಜಾಗ ಕೊಟ್ಟಿದ್ದಾರೆ. ದಖ್ಖನಿನ ಹಳ್ಳಿಮನೆಗಳಿಗೆ ಸೂಫಿ ಮಾತು ತಲುಪಿದ್ದು ಗ್ರಂಥಗಳಿಂದಲ್ಲ, ದರ್ಗಾಕ್ಕೆ ಬಂದುಹೋಗುವ ಹೆಂಗಸರ ಬಾಯಲ್ಲಿ ಈ ಹಾಡುಗಳಾಗಿ ಎಂಬುದು ಅವರ ವಾದ.

ಆ ಹಾಡುಗಳಲ್ಲಿ ಕಲ್ಲೇ ಪಾಠ. ಹಿಡಿಯುವ ಗೂಟ ನೆಟ್ಟಗೆ ನಿಂತಿದೆ, ಅದು ಅಲಿಫ್ ಅಕ್ಷರದ ಹಾಗೆ. ಅಲಿಫ್ ಅಂದರೆ ಅಲ್ಲಾಹನ ಹೆಸರಿನ ಮೊದಲಕ್ಷರ. ನಡುವಿನ ಕೀಲ ಪ್ರವಾದಿ, ಅಲ್ಲಾಡದೆ ನಿಂತು ತಿರುಗುವುದನ್ನೆಲ್ಲ ಹಿಡಿದಿಟ್ಟದ್ದು. ಮೈಯೂ ಒಂದು ಕಲ್ಲು, ಹದದಲ್ಲಿದ್ದರೆ ಮಾತ್ರ ಹಿಟ್ಟು ನುಣ್ಣಗೆ. ಪಲ್ಲವಿಯಾಗಿ ದೇವರ ನಾಮ ಸುತ್ತಿಗೊಮ್ಮೆ ಮರಳಿ ಬರುತ್ತದೆ. ಇದನ್ನು ಮೆವ್ಲೆವಿ ಹಲಗೆಯ ಪಕ್ಕ ಇಟ್ಟು ನೋಡಿ. ನಡುವೆ ಅಲುಗದ ಮೊಳೆ, ಅದರ ಸುತ್ತ ತಿರುಗಾಟ, ಪ್ರತಿ ಸುತ್ತಿಗೂ ನಾಮ. ಅಲ್ಲಿ ಮೈ ತಿರುಗುತ್ತದೆ, ಇಲ್ಲಿ ಮೈ ಕೂತು ಕಲ್ಲು ತಿರುಗುತ್ತದೆ. ಒಬ್ಬರು ಇನ್ನೊಬ್ಬರನ್ನು ನೋಡಿ ಕಲಿತರು ಎಂದು ನಾನು ಹೇಳುತ್ತಿಲ್ಲ. ಸೂಫಿಗಳ 'ಜಿಕ್ರ್', ಅಂದರೆ ನಾಮಸ್ಮರಣೆ, ಮೈಯ ಚಲನೆಯೊಳಗೆ ಇಳಿದಾಗ ಎರಡು ದೂರದ ನಾಡುಗಳಲ್ಲಿ ಒಂದೇ ಆಕಾರಕ್ಕೆ ಬಂತು.

ರಾಟೆಯ ಹಾಡುಗಳೂ ಇವೆ, 'ಚರಖಾನಾಮಾ'. ದಾವಣಗೆರೆಯಂಥ ಹತ್ತಿಯ ಊರಿನವರು ಅದನ್ನು ತಿಳಿದಿರಲೇಬೇಕು. ಹತ್ತಿ ಕೈಗೆತ್ತಿಕೊಳ್ಳುವಾಗ ಬಾಯಿಬಿಟ್ಟು ಹೇಳುವ ಜಿಕ್ರ್, ಬಿಡಿಸುವಾಗ ಹೃದಯದಲ್ಲಿ ನಡೆಯುವ ಜಿಕ್ರ್, ನೂಲು ಸುತ್ತುವಾಗ ಒಳಗಣ್ಣಿಗೆ ಕಾಣುವ ಜಿಕ್ರ್ ಎಂದು ಅದು ಮೆಟ್ಟಿಲು ಮೆಟ್ಟಿಲಾಗಿ ಹತ್ತಿಸುತ್ತದೆ. ಉಸಿರೇ ನೂಲು, ಹಗಲು ರಾತ್ರಿ ಇಪ್ಪತ್ನಾಲ್ಕು ಸಾವಿರದವರೆಗೆ ಎಣಿಸು ಎನ್ನುತ್ತದೆ. ನಾಥರ ಹಠಯೋಗದಲ್ಲಿ ದಿನಕ್ಕೆ 21,600 ಉಸಿರು, ಪ್ರತಿ ಉಸಿರೂ ಜಪ ಎಂಬ ಲೆಕ್ಕವಿದೆ. ಶಾಪುರ ದಿಬ್ಬದ ಸೂಫಿಗಳು ಯೋಗಿಗಳ ಮಾತು ಬಲ್ಲವರು. ಒಂದೇ ಬಯಲಲ್ಲಿ ಬಾಳಿದವರ ಲೆಕ್ಕಗಳು ಹತ್ತಿರ ಬಂದದ್ದರಲ್ಲಿ ನನಗೆ ಆಶ್ಚರ್ಯವಿಲ್ಲ, ಹೆಮ್ಮೆಯಿದೆ.

ನಮ್ಮ ಸಾರಥಿಯ ಮನೆಯಲ್ಲಿ ಪಡಸಾಲೆಯ ಮೂಲೆಗೆ ಬೀಸುವ ಕಲ್ಲಿತ್ತು. ದಾದಿಮಾ, ಅಂದರೆ ನನ್ನ ಅಜ್ಜಿ, ಕೋಳಿ ಕೂಗುವ ಮೊದಲೇ ಅದರ ಮುಂದೆ ಕೂರುತ್ತಿದ್ದಳು. ಎದುರಿಗೆ ಪಕ್ಕದ ಮನೆಯ ಗೌರಜ್ಜಿ. ಒಂದೇ ಗೂಟಕ್ಕೆ ಇಬ್ಬರ ಕೈ. ದಾದಿಮಾ ದಖ್ಖನಿಯಲ್ಲಿ ಒಂದು ನುಡಿ ಎತ್ತಿದರೆ ಮುಂದಿನದು ಗೌರಜ್ಜಿಯ ಬೀಸುವ ಪದ, ಅವಳ ಮಲ್ಲಯ್ಯನದು. ರಾಗ ಒಂದೇ, ಕಲ್ಲಿನ ಸದ್ದಿನ ಮೇಲೆ ಕೂತದ್ದು. ನನ್ನ ಕೆಲಸ ಕಲ್ಲಿನ ಬಾಯಿಗೆ ಹಿಡಿ ಹಿಡಿ ಜೋಳ ಹಾಕುವುದು. "ಬಿಸ್ಮಿಲ್ಲಾ ಬೋಲ್ಕೆ ಡಾಲ್ ಬೇಟಾ" ಅನ್ನುತ್ತಿದ್ದಳು. ಗೌರಜ್ಜಿಯೂ ಅದನ್ನು ಕಲಿತು ನನಗೆ ಹಾಗೇ ಹೇಳುತ್ತಿದ್ದಳು. ನಿದ್ದೆಗಣ್ಣಲ್ಲಿ ನಾನು ಜಾಸ್ತಿ ಹಾಕಿದರೆ ಹಿಟ್ಟು ತರಿಯಾಗಿ ಬರುತ್ತಿತ್ತು. ದಾದಿಮಾ ಬೈಯದೆ ಹಾಡಿನ ಓಟವನ್ನೇ ನಿಧಾನಿಸಿ ನನ್ನ ಕೈಯನ್ನು ನಿಧಾನಿಸುತ್ತಿದ್ದಳು. ಓದು ಬಾರದ ಹೆಂಗಸು. ಅವಳ ಹಾಡಿನಲ್ಲಿ ಪೀರ್, ಅಂದರೆ ಸೂಫಿ ಗುರು, ಎಂಬ ಮಾತು ಬರುತ್ತಿತ್ತು, ಕೊನೆಗೆ 'ಹೂ ಅಲ್ಲಾ' ಎಂದು ಉಸಿರು ಬಿಡುತ್ತಿದ್ದಳು. ಅದು ಪುಸ್ತಕದಲ್ಲಿರುವ ಯಾವ ಚಕ್ಕಿನಾಮಾದ ತುಣುಕು, ಅಥವಾ ಯಾರೋ ಹಳ್ಳಿಯ ಅಜ್ಜಿ ಕಟ್ಟಿದ್ದೇ ಎಂದು ಕೇಳುವ ವಯಸ್ಸಲ್ಲ ನನ್ನದು. ಹಿಟ್ಟಿನ ಗಿರಣಿ ಬಂತು, ಕಲ್ಲು ಹಿತ್ತಲಿಗೆ ಹೋಯಿತು. ಹಾಡಲು ಕೈಗೆ ಕೆಲಸ ಬೇಕಿತ್ತು, ಕೆಲಸ ಹೋದ ಮೇಲೆ ಹಾಡೂ ನಿಂತಿತು.

ಗಿರಣಿಯನ್ನೂ ತತ್ವವಾಗಿ ನೋಡಿದ ಒಬ್ಬರು ನಮ್ಮ ನೆರೆಯಲ್ಲೇ ಇದ್ದರು, ಶಿಶುನಾಳದ ಶರೀಫಜ್ಜ (1819–1889). ಗೋವಿಂದಭಟ್ಟರ ಶಿಷ್ಯ. ಗಿರಣಿಯ ಯಂತ್ರಗಳ ಓಟ ಕಂಡು ಅವರು ಕಟ್ಟಿದ ಪದ ಇಂದಿಗೂ ಭಜನೆಗಳಲ್ಲಿ ಕೇಳುತ್ತದೆ. ಉಗಿಯಂತ್ರದ ಗಾಲಿಯೂ ಅವರಿಗೆ ಗುರುಪಾಠವಾಯಿತು.

ಈಗ ಗೆಳೆಯರಿಗೆ ಹೇಳಬಲ್ಲೆ. ಅದು ನಮಾಜಿಗೆ ಬದಲಿಯಲ್ಲ, ಸೆಮಾಜೆನ್ ನಮಾಜನ್ನು ಬೇರೆಯಾಗಿಯೇ ಮಾಡುತ್ತಾನೆ. ನೋಡುವವರಿಗಾಗಿ ಮಾಡುವ ಕುಣಿತವೂ ಅಲ್ಲ. ಅದು ಜಿಕ್ರ್. ನಾಮವನ್ನು ನಾಲಿಗೆಯಿಂದ ಇಳಿಸಿ ಕಾಲಿಗೋ ಕೈಗೋ ದಾಟಿಸಿ, ಕೊನೆಗೆ ಮಾಡುವವನನ್ನೇ ಮರೆಸುವ ದುಡಿಮೆ. ಎಲ್ಲ ಮುಸ್ಲಿಮರೂ ಇದನ್ನು ಒಪ್ಪುವುದಿಲ್ಲ. ಸಂಗೀತ, ತಿರುಗುವಿಕೆ ಧರ್ಮದಲ್ಲಿ ಸಲ್ಲದು ಎನ್ನುವ ವಿದ್ವಾಂಸರು ರೂಮಿಯ ಕಾಲದಲ್ಲೂ ಇದ್ದರು, ಈಗಲೂ ಇದ್ದಾರೆ. ನಾನು ದಾದಿಮಾಳ ಕಡೆಯವನು. ಇನ್ನೊಂದು ಮಾತನ್ನೂ ಬಿಡಿಸಿ ಹೇಳಬೇಕು: ನಮ್ಮ ಹಳ್ಳಿಗಳಲ್ಲಿ ಮೊಹರಂ ಹಬ್ಬಕ್ಕೆ ಅಲಾವಿ ಕುಣಿಯ ಸುತ್ತ ಹೆಜ್ಜೆ ಹಾಕುವುದು ಕರ್ಬಲಾದ ದುಃಖದ ನೆನಪು. ಹಿಂದೂ ಮುಸ್ಲಿಮರು ಕೂಡಿ ಮಾಡುವ ಆ ಸುತ್ತು ನನಗೂ ಪ್ರಿಯ, ಆದರೆ ಅದನ್ನು ಇದರ ಜೊತೆ ಕಲಸುವುದು ಸರಿಯಲ್ಲ.

ಧ್ಯಾನ ಶಿಬಿರಗಳಲ್ಲಿ ಈಗ ಧರ್ಮದ ಹಂಗಿಲ್ಲದೆಯೂ ತಿರುಗಿಸುತ್ತಾರೆ. ಓಶೋ ಅನುಯಾಯಿಗಳ ಕ್ರಮದಲ್ಲಿ ಮುಕ್ಕಾಲು ಗಂಟೆ ತಿರುಗಿ ಕಾಲು ಗಂಟೆ ಹೊಟ್ಟೆ ನೆಲಕ್ಕೆ ಆನಿಸಿ ಮಲಗುತ್ತಾರೆ. ಪ್ರಯತ್ನಿಸುವ ಆಸೆಯಿದ್ದರೆ ಬಲ್ಲವರ ಎದುರು ಮಾಡಿ. ಊಟವಾಗಿ ಮೂರು ನಾಲ್ಕು ತಾಸು ಕಳೆದಿರಲಿ, ಸುತ್ತ ಬಡಿಯುವಂಥ ವಸ್ತು ಇರದಿರಲಿ, ನಡೆಯುವುದಕ್ಕಿಂತಲೂ ನಿಧಾನವಾಗಿ ಶುರುವಾಗಲಿ. ನಿಲ್ಲಿಸಬೇಕೆನಿಸಿದಾಗ ಥಟ್ಟನೆ ನಿಲ್ಲದೆ ವೇಗ ಇಳಿಸುತ್ತಾ ಬನ್ನಿ. ಕಿವಿಯ ತೊಂದರೆ, ರಕ್ತದೊತ್ತಡ, ಮೂರ್ಛೆರೋಗ ಇದ್ದವರು, ಬಸುರಿಯರು ವೈದ್ಯರನ್ನು ಕೇಳದೆ ಇದಕ್ಕೆ ಇಳಿಯಬಾರದು.

ಕೊನ್ಯಾದ ಸೆಮಾವನ್ನು ಕಾಪಾಡಲು ಒಂದು ದೇಶವೇ ನಿಂತಿದೆ. ಚಕ್ಕಿಯ ಹಾಡುಗಳಿಗೆ ನಾವೇ ಗತಿ. ಹರಿಹರ, ದಾವಣಗೆರೆ, ಹರಪನಹಳ್ಳಿ, ರಾಣೆಬೆನ್ನೂರು ಕಡೆ ಎಂಬತ್ತು ದಾಟಿದ ದಾದಿಮಾ, ನಾನಿಮಾ, ಗೌರಜ್ಜಿಯರು ಇನ್ನೂ ಇದ್ದಾರೆ. ಬರೀ ಹಾಡು ಅಂದರೆ ಮರೆತೆ ಎನ್ನುತ್ತಾರೆ. ಒಂದು ಬೀಸುವ ಕಲ್ಲು ಹುಡುಕಿ ಮುಂದಿಡಿ, ಗೂಟ ಕೈಗೆ ಕೊಡಿ, ಎದುರಿಗೆ ಇನ್ನೊಬ್ಬರು ಕೂರಲಿ, ಒಂದು ಹಿಡಿ ಜೋಳ ಹಾಕಿ. ಮೊಬೈಲಿನಲ್ಲಿ ರೆಕಾರ್ಡ್ ಮಾಡುವಾಗ ಕಲ್ಲಿನ ಸದ್ದನ್ನು ಕತ್ತರಿಸಬೇಡಿ, ತಾಳ ಅದರಲ್ಲೇ ಇದೆ. ಹಾಡಿದವರ ಹೆಸರು, ತವರೂರು, ಯಾರಿಂದ ಕಲಿತರು ಎಂಬುದನ್ನು ಅವರ ಒಪ್ಪಿಗೆ ಪಡೆದು ಬರೆದಿಡಿ. ಹಾಡಿನಲ್ಲಿ ಯಾವುದಾದರೂ ಪೀರರ ಹೆಸರು ಬಂದರೆ ಅದನ್ನು ಮಾತ್ರ ಎರಡು ಸಲ ಕೇಳಿ ಖಚಿತ ಮಾಡಿಕೊಳ್ಳಿ. ಹಾಡು ಯಾವ ದರ್ಗಾದಿಂದ ಹೊರಟು ನಿಮ್ಮ ಮನೆಗೆ ಬಂತು ಎಂಬ ದಾರಿ ಆ ಹೆಸರಿನಿಂದಲೇ ಗೊತ್ತಾಗುವುದು.